ಅಗ್ಗದ ಮದರ್‌ಬೋರ್ಡ್‌ಗಳ ಬಯಾಸ್ ಸೆಟಪ್: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಮಿಂಗ್ಟನ್ ರೋಡಿಗೆ ಬೋರ್ಡ್ ಕೊಳ್ಳಲು ಹೋದವರು ಬೆಲೆ ಕೇಳುತ್ತಾರೆ, ರ‍್ಯಾಮ್ ಸ್ಲಾಟ್ ಎಷ್ಟು, ಎಂ.2 ಜಾಗ ಎಷ್ಟು ಎಂದು ಕೇಳುತ್ತಾರೆ. ಸೆಟಪ್ ಪರದೆ, ಅಂದರೆ ವಿಂಡೋಸ್‌ಗೂ ಮೊದಲು ಬೋರ್ಡಿನ ಸೆಟ್ಟಿಂಗ್ ಬದಲಿಸುವ ಬಯಾಸ್ ಪರದೆ, ಹೇಗಿದೆ ಎಂದು ಕೇಳುವವರು ಕಡಿಮೆ. ಆದರೆ ಕೊಟ್ಟ ಹಣಕ್ಕೆ ತಕ್ಕ ವೇಗ ರ‍್ಯಾಮಿನಿಂದ ಸಿಗುವುದು, ಫ್ಯಾನ್ ಸದ್ದು ಅಡಗುವುದು, ಕರೆಂಟ್ ಹೋಗಿ ಬಂದಾಗ ಗಲ್ಲಾದ ಕಂಪ್ಯೂಟರ್ ತಾನೇ ಏಳುವುದು, ಇವೆಲ್ಲ ನಿರ್ಧಾರವಾಗುವುದು ಆ ಪರದೆಯಲ್ಲೇ. ಇಲ್ಲಿ ಅಗ್ಗದ ಬೋರ್ಡ್ ಎಂದರೆ ಸುಮಾರು 12,000 ರೂಪಾಯಿಯೊಳಗಿನವು: ಇಂಟೆಲ್ ಕಡೆ ಎಚ್610, ಬಿ660, ಬಿ760, ಎಎಂಡಿ ಕಡೆ ಎ520, ಬಿ450, ಬಿ550, ಎ620. ಕಂಪನಿಗಳು ನಾಲ್ಕು: ಏಸಸ್, ಎಂಎಸ್‌ಐ, ಗಿಗಾಬೈಟ್, ಏಎಸ್‌ರಾಕ್.

ಬಯಾಸ್, ಯುಇಎಫ್‌ಐ ಎರಡೂ ಒಂದೇನಾ?

ಇಂದಿನ ಬೋರ್ಡುಗಳಲ್ಲಿ ಇರುವುದು ಯುಇಎಫ್‌ಐ. ಬಾಯಿಮಾತಿನಲ್ಲಿ ಬಯಾಸ್ ಎಂಬ ಹಳೆಯ ಹೆಸರು ಉಳಿದುಕೊಂಡಿದೆ, ಇಲ್ಲೂ ಹಾಗೇ ಬಳಸುತ್ತೇವೆ. ನಾಲ್ಕೂ ಕಂಪನಿಗಳು ಎಎಂಐ ಎಂಬ ಸಂಸ್ಥೆಯ ಆಪ್ಟಿಯೊ ತಳಪಾಯದ ಮೇಲೆ ತಮ್ಮ ಪರದೆ ಕಟ್ಟಿಕೊಂಡಿವೆ. ಆದ್ದರಿಂದಲೇ ಒಳಒಳಗಿನ ಮೆನುಗಳು ಒಂದೇ ತರಹ ಕಾಣುತ್ತವೆ. ವ್ಯತ್ಯಾಸವಿರುವುದು ಮುಂಬಾಗಿಲಲ್ಲಿ.

ಯಾವ ಕೀ ಒತ್ತಬೇಕು?

ಸೆಟಪ್ ಒಳಗೆ ಹೋಗಲು ನಾಲ್ಕರಲ್ಲೂ ಡಿಲೀಟ್ ಕೀ ನಡೆಯುತ್ತದೆ. ಉಳಿಸಿ ಹೊರಬರಲು ನಾಲ್ಕರಲ್ಲೂ ಎಫ್10. ಪೆನ್‌ಡ್ರೈವಿನಿಂದ ಬೂಟ್ ಮಾಡುವ ಮೆನುವಿಗೆ ಮಾತ್ರ ಏಸಸ್‌ನಲ್ಲಿ ಎಫ್8, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್‌ಐ ಮತ್ತು ಏಎಸ್‌ರಾಕ್‌ನಲ್ಲಿ ಎಫ್11.

ನಿಜವಾದ ಗೊಂದಲ ಎಫ್6, ಎಫ್7 ಕೀಗಳದ್ದು. ಏಸಸ್, ಎಂಎಸ್‌ಐಗಳಲ್ಲಿ ಎಫ್7 ಒತ್ತಿದರೆ ಸರಳ ಪರದೆಯಿಂದ ಅಡ್ವಾನ್ಸ್‌ಡ್ ಪರದೆಗೆ ಹೋಗುತ್ತೀರಿ. ಅದೇ ರೂಢಿಯಲ್ಲಿ ಗಿಗಾಬೈಟ್‌ನಲ್ಲಿ ಎಫ್7 ಒತ್ತಿದರೆ ಎಲ್ಲ ಸೆಟ್ಟಿಂಗ್ ಕಾರ್ಖಾನೆ ಸ್ಥಿತಿಗೆ ಮರಳಲೇ ಎಂಬ ಪ್ರಶ್ನೆ ಬರುತ್ತದೆ. ಎಫ್6 ಏಸಸ್, ಗಿಗಾಬೈಟ್‌ಗಳಲ್ಲಿ ಫ್ಯಾನ್ ಪರದೆ ತೆರೆಯುತ್ತದೆ. ಎಂಎಸ್‌ಐನಲ್ಲಿ ಅದೇ ಕೀ ಕಾರ್ಖಾನೆ ಸ್ಥಿತಿಗೆ ಮರಳಿಸುವುದು. ಮನೆಯಲ್ಲೊಂದು, ಅಂಗಡಿಯಲ್ಲೊಂದು ಕಂಪನಿಯ ಬೋರ್ಡ್ ಇದ್ದವರು ಎಂಟರ್ ಒತ್ತುವ ಮುನ್ನ ಪ್ರಶ್ನೆಯನ್ನು ಪೂರ್ತಿ ಓದಬೇಕು.

ಎಷ್ಟು ಒತ್ತಿದರೂ ಸೆಟಪ್ ಬರುವುದೇ ಇಲ್ಲ, ನೇರ ವಿಂಡೋಸ್‌ಗೆ ಹೋಗುತ್ತದೆ.

ಫಾಸ್ಟ್ ಬೂಟ್ ಚಾಲೂ ಇದ್ದರೆ ಕೀಬೋರ್ಡ್ ಎಚ್ಚರಗೊಳ್ಳುವ ಮುಂಚೆಯೇ ಆ ಹಂತ ದಾಟಿಹೋಗಿರುತ್ತದೆ. ವಿಂಡೋಸ್ ಒಳಗಿನಿಂದಲೇ ಹೋಗಿ: ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ, ನಂತರ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಬ್ಲೂಟೂತ್ ಕೀಬೋರ್ಡ್ ಸೆಟಪ್‌ನಲ್ಲಿ ಕೆಲಸ ಮಾಡದು. ತಂತಿಯ ಕೀಬೋರ್ಡನ್ನು ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಹಾಕಿ. ಕೆಲವು ಮಾನಿಟರುಗಳು ಡಿಸ್‌ಪ್ಲೇಪೋರ್ಟ್‌ನಲ್ಲಿ ಏಳುವುದು ತಡ; ಸೆಟಪ್ ಬಂದಿದ್ದರೂ ನಿಮಗೆ ಕಾಣುವುದಿಲ್ಲ. ಎಚ್‌ಡಿಎಂಐ ತಂತಿಯಲ್ಲಿ ಒಮ್ಮೆ ನೋಡಿ.

ನಾಲ್ಕರಲ್ಲಿ ಯಾವುದು ಸುಲಭ? ನೇರವಾಗಿ ಹೇಳಿ.

ಪರದೆಯ ಬಣ್ಣ, ಚಿತ್ರ ನೋಡಿ ಅಳೆಯಬೇಡಿ. ಮನೆಯವರು ನಿಜವಾಗಿ ಮಾಡುವ ಕೆಲಸ ಐದೇ: ರ‍್ಯಾಮ್ ಪ್ರೊಫೈಲ್ ಹಾಕುವುದು, ಟಿಪಿಎಂ (ಭದ್ರತೆಯ ಕೀಗಳನ್ನು ಕಾಯುವ ಭಾಗ) ಮತ್ತು ಸೆಕ್ಯೂರ್ ಬೂಟ್ (ಸಹಿಯಿರುವ ಸಾಫ್ಟ್‌ವೇರನ್ನು ಮಾತ್ರ ಏಳಲು ಬಿಡುವ ಕಾವಲು), ಫ್ಯಾನ್, ಕರೆಂಟ್ ಬಂದಾಗ ತಾನೇ ಚಾಲೂ ಆಗುವುದು, ಬಯಾಸ್ ಅಪ್‌ಡೇಟ್. ಪ್ರತಿಯೊಂದಕ್ಕೂ ಎಷ್ಟು ಮೆನು ಇಳಿಯಬೇಕು, ತಪ್ಪಾದರೆ ಹಿಂದಿರುಗುವುದು ಹೇಗೆ ಎಂಬುದೇ ಅಳತೆ.

ಮೊದಲ ಬಾರಿ ಕಂಪ್ಯೂಟರ್ ಜೋಡಿಸುವವರಿಗೆ ನಾವು ಮೊದಲು ಹೇಳುವ ಹೆಸರು ಏಸಸ್. ಪ್ರೈಮ್ ಸಾಲಿನ ಅಗ್ಗದ ಎಚ್610ರಲ್ಲೂ ದುಬಾರಿ ಬೋರ್ಡಿನಲ್ಲೂ ಮೆನುಗಳ ಜೋಡಣೆ ಬಹುತೇಕ ಒಂದೇ. ಎಫ್9 ಒತ್ತಿದರೆ ಹುಡುಕಾಟ ಬರುತ್ತದೆ. ಎಫ್10 ಒತ್ತಿದಾಗ ನೀವು ಬದಲಿಸಿದ್ದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಈ ಪಟ್ಟಿಯ ಬೆಲೆ ದೊಡ್ಡದು. ಬೆರಳು ತಾಗಿ ಬೇರೇನೋ ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎಂಎಸ್‌ಐ ಸರಿಸಮ. ಬದಲಾವಣೆಗಳ ಪಟ್ಟಿ ಅದರಲ್ಲೂ ಇದೆ, ರ‍್ಯಾಮ್ ಪ್ರೊಫೈಲಿನ ಗುಂಡಿ ಮೊದಲ ಪರದೆಯಲ್ಲೇ ಇದೆ, ಫ್ಯಾನ್ ಗ್ರಾಫನ್ನು ಮೌಸಿನಲ್ಲಿ ಎಳೆಯುವುದು ಹಿತವಾಗಿದೆ. ಆದರೆ ಸೆಟ್ಟಿಂಗ್ಸ್ ಮತ್ತು ಒಸಿ (ಓವರ್‌ಕ್ಲಾಕ್, ನಿಗದಿತ ವೇಗ ಮೀರಿ ಓಡಿಸುವುದು) ಎಂಬ ಎರಡು ಭಾಗಗಳಲ್ಲಿ ಯಾವುದು ಎಲ್ಲಿದೆ ಎಂಬುದು ರೂಢಿಯಾಗಲು ಸಮಯ ಬೇಕು. ವರ್ಚುವಲೈಸೇಶನ್‌ನಂಥ ಸಾಮಾನ್ಯ ಆಯ್ಕೆ ಒಸಿ ಒಳಗೆ ಸೇರಿಕೊಂಡಿದೆ.

ಫ್ಯಾನ್ ವಿಷಯದಲ್ಲಿ ಗಿಗಾಬೈಟ್ ಗಟ್ಟಿ. ಆದರೆ ಸರಳ ಪರದೆಯಲ್ಲಿ ಮಾಡಬಹುದಾದ್ದು ಕಡಿಮೆ, ಎಫ್2 ಒತ್ತಿ ಅಡ್ವಾನ್ಸ್‌ಡ್‌ಗೆ ಹೋಗಿಯೇ ಕೆಲಸ. ಏಎಸ್‌ರಾಕ್ ಪರದೆ ಸಾದಾ, ಬಹುತೇಕ ಅಕ್ಷರಗಳ ಪಟ್ಟಿ. ಕೀಬೋರ್ಡಿನಲ್ಲೇ ಕೆಲಸ ಮುಗಿಸುವವರಿಗೆ ಅದೇ ಒಗ್ಗುತ್ತದೆ. ಹೊಸಬರಿಗೆ ಮಾತ್ರ ಎಲ್ಲಿಂದ ಆರಂಭಿಸಬೇಕೆಂದು ತೋಚದು.

3200ರ ರ‍್ಯಾಮ್ ಹಾಕಿದ್ದೇನೆ, 2400 ಅಥವಾ 2666 ಎಂದು ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?

ಸಾಮಾನ್ಯವಾಗಿ ಇಲ್ಲ. ರ‍್ಯಾಮ್ ಮೊದಲಿಗೆ ಸುರಕ್ಷಿತ ವೇಗದಲ್ಲಿ ಏಳುತ್ತದೆ. ಡಬ್ಬದ ಮೇಲಿನ ವೇಗ ಬೇಕಿದ್ದರೆ ಪ್ರೊಫೈಲ್ ಹಾಕಬೇಕು. ಹೆಸರು ಮಾತ್ರ ಕಂಪನಿಗೊಂದು: ಇಂಟೆಲ್‌ನದು ಎಕ್ಸ್‌ಎಂಪಿ, ಡಿಡಿಆರ್5ಗೆ ಎಎಂಡಿ 2022ರಲ್ಲಿ ತಂದದ್ದು ಎಕ್ಸ್‌ಪೋ, ಎಎಂಡಿ ಬೋರ್ಡುಗಳಲ್ಲಿ ಏಸಸ್ ಬಳಸಿದ ಹೆಸರು ಡಿಒಸಿಪಿ, ಎಂಎಸ್‌ಐ ಬಳಸಿದ್ದು ಎ-ಎಕ್ಸ್‌ಎಂಪಿ. ನಾಲ್ಕರ ಕೆಲಸವೂ ಒಂದೇ.

ಹಾಕಿದ ಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಭಾಗದಲ್ಲಿ ವೇಗ ನೋಡಿ. ಹಳೆಯ ವೇಗವೇ ಇದ್ದರೆ ಬೋರ್ಡ್ ಹೊಸ ವೇಗದಲ್ಲಿ ಏಳಲು ಸೋತು ಹಿಂದಕ್ಕೆ ಬಂದಿದೆ ಎಂದರ್ಥ. ಮೊದಲು ಸ್ಲಾಟ್ ನೋಡಿ: ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಕಡ್ಡಿ ಹಾಕುವಾಗ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ. ಬೇರೆ ಬೇರೆ ದಿನ ಕೊಂಡ ಬೇರೆ ಬೇರೆ ಕಡ್ಡಿಗಳು ಕೂಡಿ ಬಾಳುವುದು ಖಾತ್ರಿಯಿಲ್ಲ; ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಕೊಳ್ಳುವ ಮುಂಚೆ ತಿಳಿಯಬೇಕಾದದ್ದು ಇದು: ಎಚ್610ರಲ್ಲಿ ರ‍್ಯಾಮ್ ಓವರ್‌ಕ್ಲಾಕ್ ಇಲ್ಲ. ಡಿಡಿಆರ್4 ಆದರೆ 3200ಕ್ಕೆ ನಿಲ್ಲುತ್ತದೆ. ಅದರ ಮೇಲೆ 3600ರ ಕಡ್ಡಿ ಹಾಕಿದರೆ ಹೆಚ್ಚುವರಿ ಹಣ ದಂಡ. ಬಿ660, ಬಿ760ರಲ್ಲಿ ಆ ತಡೆ ಇಲ್ಲ. ಎಎಂಡಿಯ ಎ520, ಎ620ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲದಿದ್ದರೂ ರ‍್ಯಾಮ್ ವೇಗ ಏರಿಸಬಹುದು.

ಡಿಡಿಆರ್5 ಬೋರ್ಡ್ ಮೊದಲ ಸಲ ಹಾಕಿದರೆ ಪರದೆ ಕಪ್ಪಾಗಿಯೇ ಇದೆ. ಸುಟ್ಟುಹೋಯಿತೇ?

ಗಾಬರಿ ಬೇಡ, ಕಾಯಿರಿ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ ಬೋರ್ಡುಗಳು ಮೊದಲ ಬಾರಿ ರ‍್ಯಾಮನ್ನು ಪಳಗಿಸಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಎಕ್ಸ್‌ಪೋ ಹಾಕಿದ ಮೇಲೂ, ಬಯಾಸ್ ಅಪ್‌ಡೇಟ್ ಆದ ಮೇಲೂ ಹೀಗಾಗುತ್ತದೆ. ಹತ್ತು ನಿಮಿಷವಾದರೂ ಬಿಡಿ. ನಡುವೆ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಬೋರ್ಡಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿದ್ದರೆ ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಕೆಲವು ಅಗ್ಗದ ಬೋರ್ಡುಗಳಲ್ಲಿ ಈ ದೀಪಗಳನ್ನೇ ಕೈಬಿಟ್ಟಿರುತ್ತಾರೆ. ಇನ್ನೂರು ರೂಪಾಯಿ ಹೆಚ್ಚಾದರೂ ದೀಪಗಳಿರುವ ಮಾದರಿ ಕೊಳ್ಳಿ.

ವಿಂಡೋಸ್ 11 ಹಾಕಲು ಏನು ಬದಲಿಸಬೇಕು?

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಈ ಪ್ರಶ್ನೆ ಹೆಚ್ಚಾಗಿದೆ. ಬೇಕಾದದ್ದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಸಾಮರ್ಥ್ಯ. ಪ್ರತ್ಯೇಕ ಟಿಪಿಎಂ ಚಿಪ್ ಕೊಳ್ಳಬೇಕಿಲ್ಲ. ಎಎಂಡಿಯಲ್ಲಿ ಎಫ್‌ಟಿಪಿಎಂ, ಇಂಟೆಲ್‌ನಲ್ಲಿ ಪಿಟಿಟಿ ಎಂಬ ಹೆಸರಲ್ಲಿ ಒಳಗೇ ಇದೆ. ಗಿಗಾಬೈಟ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಮಿಸಲೇನಿಯಸ್‌ನಲ್ಲಿ, ಎಂಎಸ್‌ಐನಲ್ಲಿ ಸೆಟ್ಟಿಂಗ್ಸ್, ಸೆಕ್ಯುರಿಟಿ, ಟ್ರಸ್ಟೆಡ್ ಕಂಪ್ಯೂಟಿಂಗ್‌ನಲ್ಲಿ, ಏಸಸ್‌ನಲ್ಲಿ ಅಡ್ವಾನ್ಸ್‌ಡ್ ಕೆಳಗೆ ಎಎಂಡಿ ಎಫ್‌ಟಿಪಿಎಂ ಕಾನ್ಫಿಗರೇಶನ್ ಎಂದು, ಏಎಸ್‌ರಾಕ್‌ನ ಎಎಂಡಿ ಬೋರ್ಡುಗಳಲ್ಲಿ ಅಡ್ವಾನ್ಸ್‌ಡ್, ಸಿಪಿಯು ಕಾನ್ಫಿಗರೇಶನ್‌ನಲ್ಲಿ ಸಿಗುತ್ತದೆ.

ಎಡವುವುದು ಸಿಎಸ್‌ಎಂ ಹತ್ತಿರ. ಹಳೆಯ ಬಯಾಸ್ ರೀತಿಯಲ್ಲಿ ಬೂಟ್ ಆಗಲು ಬಿಡುವ ಆಯ್ಕೆ ಅದು, ಸೆಕ್ಯೂರ್ ಬೂಟ್‌ಗೆ ಅದನ್ನು ಬಂದ್ ಮಾಡಬೇಕು. ಆದರೆ ಹಳೆಯ ವಿಂಡೋಸ್ ಎಂಬಿಆರ್ ಎಂಬ ಹಳೆಯ ವಿಭಜನೆಯ ಡಿಸ್ಕಿನಲ್ಲಿದ್ದರೆ ಸಿಎಸ್‌ಎಂ ಬಂದ್ ಮಾಡಿದ ತಕ್ಷಣ ಬೂಟ್ ಆಗುವುದು ನಿಲ್ಲುತ್ತದೆ. ಡೇಟಾ ಎಲ್ಲೂ ಹೋಗಿಲ್ಲ. ಸಿಎಸ್‌ಎಂ ಮತ್ತೆ ಹಚ್ಚಿದರೆ ವಿಂಡೋಸ್ ಮರಳುತ್ತದೆ. ಸರಿಯಾದ ಕ್ರಮ: ಬ್ಯಾಕಪ್ ತೆಗೆಯಿರಿ, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣವನ್ನು ಮೊದಲು ವ್ಯಾಲಿಡೇಟ್ ಎಂದು ಓಡಿಸಿ, ಒಪ್ಪಿದರೆ ಕನ್ವರ್ಟ್ ಮಾಡಿ, ಆಮೇಲೆ ಸಿಎಸ್‌ಎಂ ಬಂದ್ ಮಾಡಿ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ಅದು ಒಪ್ಪುವುದಿಲ್ಲ. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಯುಇಎಫ್‌ಐ ಬೆಂಬಲವೇ ಇಲ್ಲದಿದ್ದರೆ ಸಿಎಸ್‌ಎಂ ಬಂದ್ ಮಾಡಿದಾಗ ಪರದೆಯೇ ಬರದು.

ಎಂಎಸ್‌ಐ ಬೋರ್ಡ್ ಇದ್ದವರಿಗೆ ಇನ್ನೊಂದು ಮಾತು. ಅದರ ಹಲವು ಮಾದರಿಗಳಲ್ಲಿ ಸೆಕ್ಯೂರ್ ಬೂಟ್ ಚಾಲೂ ಎಂದು ತೋರಿಸಿದರೂ ಸಹಿಯಿಲ್ಲದ ಸಾಫ್ಟ್‌ವೇರನ್ನೂ ಒಳಬಿಡುವ ಸ್ಥಿತಿ ಇದ್ದದ್ದು 2023ರ ಜನವರಿಯಲ್ಲಿ ಬಯಲಾಯಿತು. ಸೆಕ್ಯೂರ್ ಬೂಟ್ ಒಳಗಿನ ಇಮೇಜ್ ಎಕ್ಸಿಕ್ಯೂಶನ್ ಪಾಲಿಸಿ ತೆರೆದು ಆಲ್ವೇಸ್ ಎಕ್ಸಿಕ್ಯೂಟ್ ಇರುವಲ್ಲಿ ಡಿನೈ ಎಕ್ಸಿಕ್ಯೂಟ್ ಮಾಡಿ.

ಫ್ಯಾನ್ ಸುಮ್ಮಸುಮ್ಮನೆ ಏರಿಳಿಯುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ.

ಕಾರಣ ಮುಂಬೈ ಹವೆ. ಕೋಣೆಯೇ 32 ಡಿಗ್ರಿ ಇರುವಾಗ ಸುಮ್ಮನೆ ಕುಳಿತ ಪ್ರೊಸೆಸರ್ ಕೂಡ 45ರ ಆಸುಪಾಸು ಇರುತ್ತದೆ. ಫ್ಯಾನ್ ಗ್ರಾಫ್ 40ರಿಂದಲೇ ಏರತೊಡಗಿದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಕೂಗುತ್ತದೆ. 55 ಡಿಗ್ರಿವರೆಗೆ 35 ಶೇಕಡಾ ಸಮತಟ್ಟಾಗಿ ಇಡಿ, 70ಕ್ಕೆ 60, 80ಕ್ಕೆ 85, 88ಕ್ಕೆ 100. ನಂತರ ವಿಳಂಬ ಹೆಚ್ಚಿಸಿ: ಎಂಎಸ್‌ಐನಲ್ಲಿ ಸ್ಟೆಪ್ ಅಪ್ ಟೈಮ್, ಗಿಗಾಬೈಟ್‌ನಲ್ಲಿ ಟೆಂಪರೇಚರ್ ಇಂಟರ್ವಲ್. ಕ್ಷಣಿಕ ಏರಿಕೆಗೆ ಫ್ಯಾನ್ ಸ್ಪಂದಿಸುವುದು ನಿಂತರೆ ಅರ್ಧ ಸದ್ದು ಹೋದಂತೆ.

ಗ್ರಾಫ್ ಎಷ್ಟು ತಗ್ಗಿಸಿದರೂ ಕ್ಯಾಬಿನೆಟ್ ಫ್ಯಾನ್ ಪೂರ್ತಿ ವೇಗದಲ್ಲೇ ತಿರುಗುತ್ತಿದ್ದರೆ ಅದರ ಕನೆಕ್ಟರ್ ನೋಡಿ. ಮೂರು ಪಿನ್ ಇದ್ದರೆ ಸೆಟಪ್‌ನಲ್ಲಿ ಡಿಸಿ ಎಂದೂ ನಾಲ್ಕಿದ್ದರೆ ಪಿಡಬ್ಲ್ಯುಎಂ ಎಂದೂ ಇರಬೇಕು. ಪಿಡಬ್ಲ್ಯುಎಂನಲ್ಲಿ 12 ವೋಲ್ಟ್ ಸದಾ ಹರಿಯುತ್ತದೆ, ವೇಗದ ಸಂಕೇತ ಹೋಗುವುದು ನಾಲ್ಕನೇ ತಂತಿಯಲ್ಲಿ. ಮೂರು ಪಿನ್ನಿನ ಫ್ಯಾನಿಗೆ ಆ ತಂತಿಯೇ ಇಲ್ಲ. ಅಗ್ಗದ ಎಚ್610 ಬೋರ್ಡುಗಳಲ್ಲಿ ಪ್ರೊಸೆಸರಿನದು ಬಿಟ್ಟರೆ ಒಂದೇ ಫ್ಯಾನ್ ಹೆಡರ್ (ತಂತಿ ಕೂರುವ ಪಿನ್‌ಗಳು) ಇರುವುದುಂಟು. ಕವಲು ತಂತಿ ಹಾಕಬಹುದು, ಆದರೆ ಹೆಡರಿನ ಮಿತಿ ಸಾಮಾನ್ಯವಾಗಿ 1 ಆಂಪಿಯರ್. ಫ್ಯಾನ್ ಬೆನ್ನ ಮೇಲಿನ ಆಂಪಿಯರ್ ಕೂಡಿಸಿ ನೋಡಿ.

ಏಸಸ್‌ನಲ್ಲಿ ಪ್ರತಿ ಸಲ ಸಿಪಿಯು ಫ್ಯಾನ್ ಎರರ್ ಎಂದು ನಿಂತು ಎಫ್1 ಕೇಳುತ್ತಿದ್ದರೆ ಫ್ಯಾನ್ ಸಿಪಿಯು ಹೆಡರಿನಲ್ಲೇ ಇದೆಯೇ ನೋಡಿ. ಇದ್ದರೆ, ಮಾನಿಟರ್ ಭಾಗದಲ್ಲಿ ಫ್ಯಾನ್ ಸ್ಪೀಡ್ ಲೋವರ್ ಲಿಮಿಟನ್ನು 200ಕ್ಕೆ ಇಳಿಸಿ.

ಇಂಟೆಲ್‌ನ ಎಂಎಸ್‌ಐ ಬೋರ್ಡುಗಳು ಕೂಲರ್ ಯಾವುದು ಎಂದು ಕೇಳುತ್ತವೆ. ಡಬ್ಬದ ಜೊತೆ ಬಂದ ಕೂಲರ್ ಇದ್ದರೆ ಬಾಕ್ಸ್‌ಡ್ ಕೂಲರ್ ಎಂದೇ ಆರಿಸಿ. ವಾಟರ್ ಕೂಲರ್ ಎಂದು ಆರಿಸಿದರೆ ವಿದ್ಯುತ್ ಮಿತಿ 4096 ವ್ಯಾಟ್ ಆಗುತ್ತದೆ, ಅಂದರೆ ಮಿತಿಯೇ ಇಲ್ಲ. ಏಪ್ರಿಲ್ ಸೆಖೆಯಲ್ಲಿ ಪ್ರೊಸೆಸರ್ 100 ಡಿಗ್ರಿ ಮುಟ್ಟಿ ತಾನೇ ನಿಧಾನವಾಗುತ್ತದೆ.

ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್ ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗಬೇಕು.

ಮಾಟುಂಗಾದಿಂದ ಡೊಂಬಿವಲಿವರೆಗಿನ ಉಡುಪಿ ಹೋಟೆಲುಗಳವರಿಗೆ ಬೇಕಾದ ಆಯ್ಕೆ ಇದು. ಮೆಷಿನ್ ಎಲ್ಲೋ ಗಲ್ಲಾದ ಕೆಳಗೆ ತೂರಿಸಿಟ್ಟಿರುತ್ತದೆ, ಬಟನ್ ಕೈಗೆ ಸಿಗುವುದಿಲ್ಲ. ಗಿಗಾಬೈಟ್‌ನಲ್ಲಿ ಸೆಟ್ಟಿಂಗ್ಸ್, ಪ್ಲ್ಯಾಟ್‌ಫಾರ್ಮ್ ಪವರ್, ಎಸಿ ಬ್ಯಾಕ್. ಏಸಸ್‌ನಲ್ಲಿ ಅಡ್ವಾನ್ಸ್‌ಡ್, ಎಪಿಎಂ ಕಾನ್ಫಿಗರೇಶನ್, ರಿಸ್ಟೋರ್ ಎಸಿ ಪವರ್ ಲಾಸ್. ಎಂಎಸ್‌ಐನಲ್ಲಿ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಪವರ್ ಮ್ಯಾನೇಜ್‌ಮೆಂಟ್ ಸೆಟಪ್. ಏಎಸ್‌ರಾಕ್‌ನಲ್ಲಿ ಅಡ್ವಾನ್ಸ್‌ಡ್, ಚಿಪ್‌ಸೆಟ್ ಕಾನ್ಫಿಗರೇಶನ್. ಅಲ್ಲಿ ಪವರ್ ಆನ್ ಎಂದು ಇಡಿ, ಗಿಗಾಬೈಟ್‌ನಲ್ಲಿ ಆಲ್ವೇಸ್ ಆನ್. ಎಪಿಎಂ ಎಂದರೆ ಏನೆಂದು ಗಲ್ಲಾದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಈ ಒಂದು ಕೆಲಸದಲ್ಲಿ ಗಿಗಾಬೈಟೇ ಮೇಲು.

ಪ್ರತಿ ದಿನ ಬೆಳಿಗ್ಗೆ ಗಡಿಯಾರ ಹಿಂದೆ ಹೋಗಿರುತ್ತದೆ, ವೆಬ್‌ಸೈಟುಗಳು ತೆರೆಯುವುದಿಲ್ಲ.

ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ, ಮಲ್ಟಿಮೀಟರ್ 2.7ಕ್ಕಿಂತ ಕಡಿಮೆ ತೋರಿಸಿದರೆ ಬದಲಿಸಿ. ತಾರೀಖು ತಪ್ಪಿದ್ದರಿಂದ ವೆಬ್‌ಸೈಟುಗಳ ಸರ್ಟಿಫಿಕೇಟ್ ಹೊಂದುವುದಿಲ್ಲ, ನೆಟ್ ಕೆಟ್ಟಿಲ್ಲ. ರಾತ್ರಿ ಮೇನ್ ಸ್ವಿಚ್ ಆರಿಸುವ ಅಂಗಡಿಗಳಲ್ಲಿ ಸೆಲ್ ಬೇಗ ತೀರುತ್ತದೆ, ಏಕೆಂದರೆ ಮೆಷಿನ್‌ಗೆ ಕರೆಂಟ್ ಇಲ್ಲದಷ್ಟು ಹೊತ್ತು ಗಡಿಯಾರ ಸೆಲ್ಲಿನಲ್ಲೇ ನಡೆಯುತ್ತದೆ. ಸಮುದ್ರದ ಗಾಳಿ ಬೀಸುವ ಕಡೆ ಸೆಲ್ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಕಂಡರೆ ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ.

ಬಯಾಸ್ ಅಪ್‌ಡೇಟ್ ಮಾಡಬೇಕೇ?

ಎಲ್ಲವೂ ಸರಿಯಿದ್ದರೆ ಅವಸರವಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಮಾಡಲೇಬೇಕು. ಹಳೆಯ ದಾಸ್ತಾನಿನ ಬಿ450 ಮೇಲೆ ರೈಜೆನ್ 5 5600 ಕೂರಿಸಿದರೆ ಪರದೆಯೇ ಬಾರದಿರಬಹುದು. ರೈಜೆನ್ ಮೆಷಿನ್ ಎಫ್‌ಟಿಪಿಎಂ ಹಚ್ಚಿದ ಮೇಲೆ ಆಗಾಗ ತಡವರಿಸುತ್ತಿದ್ದರೆ ಅದಕ್ಕೆ ಪರಿಹಾರ 2022ರ ಅಜೀಸಾ (ಬಯಾಸ್ ಒಳಗಿನ ಎಎಂಡಿ ಕೋಡ್) 1.2.0.7ರಲ್ಲಿ ಬಂದಿದೆ. ಎಎಂ5 ಬೋರ್ಡುಗಳಿಗೆ ಪ್ರೊಸೆಸರಿನ ಎಸ್‌ಒಸಿ ಭಾಗದ ವೋಲ್ಟೇಜನ್ನು 1.3 ವೋಲ್ಟಿಗೆ ಕಟ್ಟಿಹಾಕಿದ್ದು 2023ರ ಅಪ್‌ಡೇಟುಗಳು. ಇಂಟೆಲ್ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ 2024ರ ಸೆಪ್ಟೆಂಬರಿನ 0ಎಕ್ಸ್12ಬಿ ಮೈಕ್ರೊಕೋಡ್ ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ಅದು ಪ್ರೊಸೆಸರ್ ಹಾಳಾಗುವುದನ್ನು ತಡೆಯುತ್ತದೆ, ಈಗಾಗಲೇ ಹಾಳಾದ ಚಿಪ್ಪನ್ನು ಸರಿಮಾಡುವುದಿಲ್ಲ.

ಕ್ರಮ ಹೀಗೆ. ಬೋರ್ಡಿನ ಪೂರ್ತಿ ಹೆಸರು ಓದಿಕೊಳ್ಳಿ; ಗಿಗಾಬೈಟ್‌ನಲ್ಲಿ ಮೂಲೆಯಲ್ಲಿ ಅಚ್ಚಾದ ರಿವಿಷನ್ ಸಂಖ್ಯೆಯೂ ಬೇಕು, 1.0ರ ಫೈಲ್ 1.2ಕ್ಕೆ ಆಗದಿರಬಹುದು. ಕಂಪನಿಯ ತಾಣದಿಂದಲೇ ಇಳಿಸಿ, ಜಿಪ್ ಬಿಚ್ಚಿ, 32 ಜಿಬಿ ಅಥವಾ ಚಿಕ್ಕ ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಕಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಸೆಟಪ್ ಪರದೆಗಳ ಚಿತ್ರವನ್ನು ಎಫ್12 ಒತ್ತಿ ಅದೇ ಪೆನ್‌ಡ್ರೈವಿಗೆ ಉಳಿಸಿಕೊಳ್ಳಿ, ಏಕೆಂದರೆ ಅಪ್‌ಡೇಟ್ ಆದ ಮೇಲೆ ರ‍್ಯಾಮ್ ಪ್ರೊಫೈಲ್, ಫ್ಯಾನ್ ಗ್ರಾಫ್ ಎಲ್ಲ ಅಳಿಸಿರುತ್ತವೆ. ಆಮೇಲೆ ಏಸಸ್‌ನಲ್ಲಿ ಈಜಿ ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಏಎಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್. ವಿಂಡೋಸ್ ಒಳಗಿನಿಂದ ಅಪ್‌ಡೇಟ್ ಮಾಡಬೇಡಿ. ಬದ್ಲಾಪುರ, ಕಲ್ಯಾಣದ ಕಡೆಯವರು ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಅಪ್‌ಡೇಟ್ ಅಥವಾ ಹೊಸ ಪ್ರೊಸೆಸರ್ ನಂತರ ಎಫ್‌ಟಿಪಿಎಂ ಬದಲಾಗಿದೆ, ವೈ ಅಥವಾ ಎನ್ ಒತ್ತಿ ಎಂದು ಕೇಳಿದರೆ, ರಿಕವರಿ ಕೀ ಕೈಯಲ್ಲಿಲ್ಲದವರು ಎನ್ ಒತ್ತಬೇಕು. ವೈ ಒತ್ತಿದರೆ ಹಳೆಯ ಟಿಪಿಎಂ ಗುಟ್ಟು ಅಳಿದು ಬಿಟ್‌ಲಾಕರ್ ಬಾಗಿಲು ಹಾಕಿಕೊಳ್ಳುತ್ತದೆ.

ಪರದೆಯೇ ಬಾರದಿದ್ದರೆ ಅಪ್‌ಡೇಟ್ ಹೇಗೆ?

ಬೋರ್ಡ್ ಹಿಂಬದಿಯಲ್ಲಿ ಅಥವಾ ಮೈಮೇಲೆ ಫ್ಲ್ಯಾಶ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಆಗುತ್ತದೆ. 24 ಪಿನ್ ಮತ್ತು 8 ಪಿನ್ ವಿದ್ಯುತ್ ತಂತಿಗಳು ಮಾತ್ರ ಹಾಕಿರಬೇಕು. ಫೈಲಿನ ಹೆಸರು ಎಂಎಸ್‌ಐಗೆ ಎಂಎಸ್‌ಐ ಡಾಟ್ ಆರ್‌ಒಎಂ, ಗಿಗಾಬೈಟ್‌ಗೆ ಗಿಗಾಬೈಟ್ ಡಾಟ್ ಬಿಐಎನ್, ಏಎಸ್‌ರಾಕ್‌ಗೆ ಕ್ರಿಯೇಟಿವ್ ಡಾಟ್ ಆರ್‌ಒಎಂ. ಏಸಸ್‌ನಲ್ಲಿ ಬಯಾಸ್‌ರಿನೇಮರ್ ಎಂಬ ಪುಟ್ಟ ಉಪಕರಣ ಫೈಲಿನ ಜೊತೆ ಬರುತ್ತದೆ. ವಿಂಡೋಸ್ ಫೈಲಿನ ಬಾಲವನ್ನು ಮುಚ್ಚಿಡುವುದರಿಂದ ಆರ್‌ಒಎಂ ಎಂಬುದು ಎರಡು ಸಲ ಸೇರಿಕೊಳ್ಳುತ್ತದೆ, ದೀಪ ಎರಡು ಸಲ ಮಿನುಗಿ ಸುಮ್ಮನಾಗುತ್ತದೆ. ಫೈಲ್ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆ ಹಚ್ಚಿ ಸರಿಪಡಿಸಿ.

ಬಟನ್ ಇಲ್ಲದ ಬೋರ್ಡ್ ಆದರೆ ಹಣ ಕೊಡುವ ಮುಂಚೆಯೇ, ನನ್ನ ಪ್ರೊಸೆಸರ್ ಹಾಕಿ ಪರದೆ ತೋರಿಸಿ ಎಂದು ಅಂಗಡಿಯಲ್ಲಿ ಕೇಳಿ.

ಸೆಕೆಂಡ್ ಹ್ಯಾಂಡ್ ಎಂಎಸ್‌ಐ ಬಿ450 ಕೊಂಡೆ. ಚಿತ್ರಗಳಿದ್ದ ಪರದೆ ಅಪ್‌ಡೇಟ್ ಆದ ಮೇಲೆ ಸಾದಾ ಆಗಿಬಿಟ್ಟಿದೆ.

ಕೆಟ್ಟಿಲ್ಲ. ಆ ಬೋರ್ಡುಗಳ ಬಯಾಸ್ ಚಿಪ್ 16 ಎಂಬಿಯದು. 2019ರಲ್ಲಿ ರೈಜೆನ್ 3000ಕ್ಕೆ ಬೆಂಬಲ ತುರುಕಲು ಜಾಗ ಸಾಲದೆ ಕ್ಲಿಕ್ ಬಯಾಸ್ 5ರ ಬದಲು ಜಿಎಸ್‌ಇ ಲೈಟ್ ಎಂಬ ಹಗುರ ಪರದೆ ಕೊಟ್ಟರು. ಅದೇ ವರ್ಷ ಬಂದ ಮ್ಯಾಕ್ಸ್ ಹೆಸರಿನ ಮಾದರಿಗಳಲ್ಲಿ 32 ಎಂಬಿ ಚಿಪ್ ಇದೆ, ಅವುಗಳಲ್ಲಿ ಚಿತ್ರದ ಪರದೆ ಉಳಿದಿದೆ. ಹಳೆಯದನ್ನು ಕೊಳ್ಳುವವರು ಹೆಸರಿನ ಕೊನೆಯಲ್ಲಿ ಮ್ಯಾಕ್ಸ್ ಇದೆಯೇ ನೋಡಿ.

ಹೊಸ ವಿಂಡೋಸ್ ಹಾಕಿದ ಕೂಡಲೇ ಬೋರ್ಡ್ ಕಂಪನಿಯ ಸಾಫ್ಟ್‌ವೇರ್ ಹಾಕಲೇ ಎಂಬ ಕಿಟಕಿ ಬರುತ್ತದೆ.

ಅದನ್ನು ತೋರಿಸುವುದೂ ಬಯಾಸೇ. ಏಸಸ್‌ನಲ್ಲಿ ಟೂಲ್ ಭಾಗದ ಆರ್ಮರಿ ಕ್ರೇಟ್, ಗಿಗಾಬೈಟ್‌ನಲ್ಲಿ ಆ್ಯಪ್ ಸೆಂಟರ್ ಡೌನ್‌ಲೋಡ್ ಆ್ಯಂಡ್ ಇನ್‌ಸ್ಟಾಲ್, ಎಂಎಸ್‌ಐನಲ್ಲಿ ಡ್ರೈವರ್ ಯುಟಿಲಿಟಿ ಇನ್‌ಸ್ಟಾಲರ್: ಡಿಸೇಬಲ್ ಮಾಡಿ. ಗಿಗಾಬೈಟ್‌ನ ಈ ವ್ಯವಸ್ಥೆ ಫೈಲುಗಳನ್ನು ಸುರಕ್ಷಿತವಲ್ಲದ ರೀತಿಯಲ್ಲಿ ಇಳಿಸುತ್ತಿದ್ದುದು 2023ರ ಮೇನಲ್ಲಿ ಹೊರಬಂದು, ಕಂಪನಿ ಹೊಸ ಬಯಾಸ್ ಬಿಡಬೇಕಾಯಿತು.

ಸೆಟಪ್‌ನಲ್ಲಿ ಕನ್ನಡ ಇದೆಯೇ?

ಇಲ್ಲ. ಮಗು ಮೌಸ್ ಆಡಿಸಿ ಭಾಷೆ ಚೀನೀ ಆಗಿಬಿಟ್ಟರೆ ಏಸಸ್‌ನ ಸರಳ ಪರದೆಯಲ್ಲೂ ಎಂಎಸ್‌ಐನಲ್ಲೂ ಭಾಷೆಯ ಗುಂಡಿ ಮೇಲ್ಭಾಗದಲ್ಲೇ ಇದೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಎಂಬುದು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಸಿಗದಿದ್ದರೆ ಸಿಮಾಸ್, ಅಂದರೆ ಬಯಾಸ್ ಸೆಟ್ಟಿಂಗ್ ಉಳಿದಿರುವ ನೆನಪು, ಅಳಿಸಿ.

ಸಿಮಾಸ್ ಅಳಿಸುವುದು ಹೇಗೆ?

ಗೋಡೆಯ ಸ್ವಿಚ್ ಆರಿಸಿ, ತಂತಿ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಲಿಯರ್ ಸಿಮಾಸ್ ಎಂಬರ್ಥದ ಅಕ್ಷರಗಳು ಅಚ್ಚಾದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ 5ರಿಂದ 10 ಸೆಕೆಂಡ್ ಮುಟ್ಟಿಸಿ. ಅಕ್ಕಪಕ್ಕದ ಪಿನ್‌ಗಳಿಗೆ ತಾಗಿಸಬೇಡಿ. ಪಿನ್ ಸಿಗದಿದ್ದರೆ ಸೆಲ್ ತೆಗೆದು ಐದು ನಿಮಿಷ ಬಿಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಬೋರ್ಡ್ ಸತ್ತಿದೆ. ರಿಪೇರಿ ಸಾಧ್ಯವೇ?

ಫ್ಲ್ಯಾಶ್ ಬಟನ್ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಿ. ಇಲ್ಲದಿದ್ದರೆ ಸಿಎಚ್341ಎ ಎಂಬ ಪುಟ್ಟ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್ ಬಳಸಿ ಚಿಪ್ಪಿಗೆ ನೇರವಾಗಿ ಬರೆಯಬಹುದು. ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ರಿಪೇರಿ ಅಂಗಡಿಗಳವರಿಗೆ ಈ ಕೆಲಸ ಗೊತ್ತು. ಕೊಡುವ ಮುಂಚೆ ಒಂದು ಮಾತು ಕೇಳಿ: 1.8 ವೋಲ್ಟ್ ಅಡಾಪ್ಟರ್ ಇದೆಯೇ? ಎಎಂಡಿಯ ಹಿಂದಿನ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಹಲವಕ್ಕೆ 1.8 ವೋಲ್ಟ್ ಚಿಪ್ ಇರುತ್ತದೆ, ಆ ಪ್ರೋಗ್ರಾಮರ್ ಕೊಡುವುದು 3.3 ಅಥವಾ ಅದಕ್ಕಿಂತ ಹೆಚ್ಚು. ಬರೆಯುವ ಮುನ್ನ ಚಿಪ್ಪಿನಲ್ಲಿ ಉಳಿದಿರುವುದನ್ನು ಎರಡು ಸಲ ಓದಿಸಿ, ಎರಡೂ ಪ್ರತಿ ಒಂದೇ ಇದೆಯೇ ಹೋಲಿಸಿ, ಫೈಲ್ ಉಳಿಸಿಕೊಳ್ಳಲು ಹೇಳಿ. ಬೋರ್ಡಿನ ಸೀರಿಯಲ್ ಸಂಖ್ಯೆ, ಲ್ಯಾನ್ ವಿಳಾಸದಂಥ ವಿವರಗಳು ಕೆಲವು ಬೋರ್ಡುಗಳಲ್ಲಿ ಅದೇ ಚಿಪ್ಪಿನಲ್ಲಿರುತ್ತವೆ, ತಾಣದಿಂದ ಇಳಿಸಿದ ಫೈಲಿನಲ್ಲಿ ಅವು ಇರುವುದಿಲ್ಲ.